ಬಿಸಿಲುಗುದುರೆಯ ಮುಂದೆ ಕ್ಯಾಮೆರಾ

ಅಮೆರಿಕದ ವಿಡಿಯೊ ಕಲಾವಿದ ಬಿಲ್ ವಯೋಲಾ (1951–2024) ಟುನೀಷಿಯಾದ ಉಪ್ಪಿನ ಸರೋವರ ಶಾಟ್ ಎಲ್ ಜೆರಿದ್‌ನಲ್ಲಿ ಚಿತ್ರೀಕರಿಸಿ, 1979ರಲ್ಲಿ ಅದೇ ಹೆಸರಿನಿಂದ ರೂಪಿಸಿದ 28 ನಿಮಿಷಗಳ ಕೃತಿಯನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಅದರಲ್ಲಿ ಕಥೆಯಿಲ್ಲ, ಸಂಭಾಷಣೆಯಿಲ್ಲ. ಮೊದಲಿಗೆ ಇಲಿನಾಯ್ ಮತ್ತು ಕೆನಡಾದ ಸಸ್ಕಾಚೆವಾನ್‌ನ ಹಿಮ ಮುಚ್ಚಿದ ಬಯಲುಗಳು, ಆಮೇಲೆ ಮರುಭೂಮಿಯ ಬಿಸಿಲು. ದೂರದಲ್ಲಿ ಕಾಣಿಸಿಕೊಳ್ಳುವ ಆಕೃತಿಗಳು ನೀರಿನ ಮೇಲೆ ನಿಂತಂತೆ ನಡುಗುತ್ತವೆ, ಕರಗುತ್ತವೆ, ಮತ್ತೆ ಕೂಡಿಕೊಳ್ಳುತ್ತವೆ. ಬರುತ್ತಿರುವುದು ಮನುಷ್ಯನೋ ವಾಹನವೋ ಎಂದು ತೀರ್ಮಾನಿಸಲು ಬಹಳ ಹೊತ್ತು ಹಿಡಿಯುತ್ತದೆ.

ಕಾದ ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ವಿರಳವಾಗಿರುವುದರಿಂದ ಬೆಳಕಿನ ಕಿರಣ ಬಾಗಿ, ಆಕಾಶದ ಬಿಂಬವೇ ನೆಲದ ಮೇಲೆ ನೀರಿನಂತೆ ತೋರುತ್ತದೆ. ಕಿರಣ ನಿಜವಾಗಿಯೂ ಬಾಗುವುದರಿಂದ ಕ್ಯಾಮೆರಾಗೂ ಅದು ಕಾಣುತ್ತದೆ, ನೀರೆಂದು ಓದುವ ಕೆಲಸ ಮಾತ್ರ ನಮ್ಮ ಮನಸ್ಸಿನದು. ವಯೋಲಾ ಟೆಲಿಫೋಟೊ ಲೆನ್ಸಿನಿಂದ ಆ ದೂರವನ್ನು ಹತ್ತಿರಕ್ಕೆಳೆದು, ಅವಸರವಿಲ್ಲದೆ ಕಾದರು. ಈ ಕಾಯುವಿಕೆಯೇ ಅವರ ದೊಡ್ಡ ಶಕ್ತಿಯೆಂದು ನನ್ನ ಅನಿಸಿಕೆ.

ಏಪ್ರಿಲ್ ಮಧ್ಯಾಹ್ನ ಚಿತ್ರದುರ್ಗದಿಂದ ಚಳ್ಳಕೆರೆಗೆ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಹೋದವರಿಗೆ ಇದು ತೀರಾ ಹೊಸದೇನಲ್ಲ: ಎದುರಿಗೆ ಬರುವ ಲಾರಿಯ ಚಕ್ರಗಳು ಮಾಯವಾಗಿ, ಡಾಂಬರಿನ ಮೇಲೆ ಅದರ ತಲೆಕೆಳಗಾದ ನೆರಳೊಂದು ಮಿನುಗುತ್ತಿರುತ್ತದೆ. ನಮ್ಮ ಹುಡುಗರು ಜೋಗಿಮಟ್ಟಿಯ ಮಂಜನ್ನೂ ಗುಡ್ಡದ ಗಾಳಿಯಂತ್ರಗಳನ್ನೂ ಡ್ರೋನ್‌ನಲ್ಲಿ ಹಿಡಿದು ಹಾಕುವ ರೀಲ್ಸ್ ಚೆನ್ನಾಗಿಯೇ ಇರುತ್ತವೆ (ಹಿನ್ನೆಲೆ ಸಂಗೀತದ ಮಾತು ಬೇರೆ), ಆದರೆ ಅವು ಕಣ್ಣಿಗೆ ಅನುಮಾನಪಡುವಷ್ಟು ಸಮಯವನ್ನು ಕೊಡುವುದಿಲ್ಲ. ಯಾರಾದರೂ ಟ್ರೈಪಾಡ್ ನಿಲ್ಲಿಸಿ ಚಳ್ಳಕೆರೆ ರಸ್ತೆಯನ್ನು ಅರ್ಧ ಗಂಟೆ ಕದಲಿಸದೆ ಚಿತ್ರೀಕರಿಸಿದರೆ, ನಾನಂತೂ ಪೂರ್ತಿ ನೋಡುತ್ತೇನೆ.