ನೆಲದುಂಬಿಯ ಗುರುತು ಹೊಟ್ಟೆಯ ಕಡೆ

ಮುಂಗಾರು ಹಿಡಿಯುವ ಹೊತ್ತಿಗೆ ಕೊಡಗಿನ ಕಾಫಿ ತೋಟದಲ್ಲಿ ತರಗೆಲೆ ಕೆದಕಿದರೆ ಅಥವಾ ಕೊಳೆತ ದಿಮ್ಮಿ ಹೊರಳಿಸಿದರೆ ಕಪ್ಪು ದುಂಬಿಯೊಂದು ಸರ್ರನೆ ಓಡುತ್ತದೆ. ಫೋಟೊ ತೆಗೆದು ಆಪ್‌ಗೆ ಹಾಕಿದವರಿಗೆ ಕೆಲವೊಮ್ಮೆ 'ಕ್ಯಾರಬಸ್' ಎಂಬ ಹೆಸರು ಸಿಗುತ್ತದೆ. ಅದು ತಪ್ಪು. ಕ್ಯಾರಬಸ್ ತಂಪು ದೇಶಗಳ ಕುಲ. ಭಾರತದಲ್ಲಿ ಅದರ ನೆಲೆ ಹಿಮಾಲಯ, ನಮ್ಮ ಘಟ್ಟದಲ್ಲಿ ಇಲ್ಲ. ಬೆನ್ನಿನ ಬಣ್ಣ ಮತ್ತು ಹೊಳಪು ನೋಡಿ ಹೆಸರಿಡಲು ಹೊರಟರೆ ಹೀಗೇ ಆಗುವುದು. (ಜೀರುಂಡೆ ಎಂದರೆ ಮರದಲ್ಲಿ ಕೂತು ಕಿರುಚುವ ಹುಳ ಎಂದೂ ಅರ್ಥವಿರುವುದರಿಂದ ಇಲ್ಲಿ ಬೀಟಲ್‌ಗೆ ದುಂಬಿ ಎಂದೇ ಬರೆದಿದ್ದೇನೆ.)

ದುಂಬಿಯನ್ನು ಸಣ್ಣ ಗಾಜಿನ ಕೊಳವೆಗೆ ಹಾಕಿ, ಹತ್ತಿಯಿಂದ ಮೆಲ್ಲಗೆ ಒತ್ತಿ ನಿಲ್ಲಿಸಿ, 10 ಪಟ್ಟು ಹಿಗ್ಗಿಸುವ ಲೆನ್ಸ್‌ನಲ್ಲಿ ಹೊಟ್ಟೆಯ ಕಡೆ ನೋಡಿ. ಹಿಂಗಾಲು ದೇಹಕ್ಕೆ ಸೇರುವ ಬುಡದ ತುಂಡು ಕಾಕ್ಸ. ನೆಲದುಂಬಿಯಲ್ಲಿ, ಅಂದರೆ ಕ್ಯಾರಬಿಡೇ ಕುಟುಂಬದ ದುಂಬಿಯಲ್ಲಿ, ಅದು ಹಿಂದಕ್ಕೆ ಚಾಚಿ ಹೊಟ್ಟೆಯ ಮೊದಲ ಪಟ್ಟಿಯನ್ನು ಸೀಳಿರುತ್ತದೆ. ಹಾಗಾಗಿ ಆ ಪಟ್ಟಿ ಎಡಕ್ಕೊಂದು ಬಲಕ್ಕೊಂದು ಚೂರಾಗಿ ಕಾಣುತ್ತದೆ, ನಡುವೆ ಇರುವುದಿಲ್ಲ. ಕಾಕ್ಸಕ್ಕೆ ತಾಗಿ ತೊಡೆಯ ಒಳಬದಿಯಲ್ಲಿ ಅಲಸಂದೆ ಕಾಳಿನಂತೆ ಉಬ್ಬಿದ ತುಂಡೊಂದಿದೆ, ಅದು ಟ್ರೋಕ್ಯಾಂಟರ್. ಇವೆರಡೂ ಇದ್ದು, ಆರೂ ಕಾಲಿನ ಪಾದಗಳಲ್ಲಿ ಐದೈದು ಗೆಣ್ಣಿದ್ದು, ಮೀಸೆ ದಾರದಂತೆ 11 ಗೆಣ್ಣಿನದಾಗಿದ್ದು, ಕಾಲು ಈಜಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿಲ್ಲದಿದ್ದರೆ ಬಹುಮಟ್ಟಿಗೆ ಕ್ಯಾರಬಿಡೇ ಕುಟುಂಬವೇ.

ಹೆಚ್ಚು ಮೋಸಹೋಗುವುದು ಟೆನೆಬ್ರಿಯೊನಿಡೇ ದುಂಬಿಗಳ ವಿಷಯದಲ್ಲಿ. ರಬ್ಬರ್ ತೋಟದ ತರಗಿನಿಂದ ಮಳೆಗೆ ಮುಂಚೆ ಮನೆಗಳಿಗೆ ಸಾವಿರಗಟ್ಟಲೆ ನುಗ್ಗುವ ಲುಪ್ರಾಪ್ಸ್ ಕೂಡ ಆ ಕುಟುಂಬದ್ದೇ. ಹಿಂಗಾಲಿನ ಪಾದದ ಗೆಣ್ಣು ಎಣಿಸಿ: ಅವುಗಳಲ್ಲಿ ನಾಲ್ಕೇ. ಪಾದ ಮುರಿದಿದ್ದರೆ ಮೀಸೆಯ ಬುಡ ನೋಡಿ. ಅವುಗಳಲ್ಲಿ ಅದು ಹಣೆಯ ಅಂಚಿನಡಿ ಅಡಗಿರುತ್ತದೆ. ನೆಲದುಂಬಿಯಲ್ಲಿ ಕಣ್ಣು ಮತ್ತು ದವಡೆಯ ನಡುವೆ, ತಲೆಯ ಪಕ್ಕದಲ್ಲೇ ಕಾಣುತ್ತದೆ. ಕಾಲುದಾರಿಯಲ್ಲಿ ಮುಂದೆ ಮುಂದೆ ಹಾರಿ ಕೂರುವ ಹುಲಿದುಂಬಿಗೆ ಕಣ್ಣು ಉಬ್ಬಿ ತಲೆಯೇ ಎದೆಗಿಂತ ಅಗಲ, ಮೀಸೆ ದವಡೆಯ ಬುಡಕ್ಕಿಂತ ಮೇಲೆ, ಹಣೆಯ ಮುಂಭಾಗದಲ್ಲಿ ಹುಟ್ಟುತ್ತದೆ.

ಕುಟುಂಬ ಖಚಿತವಾದ ಮೇಲೆ ಕೆಲಸ ನಿಧಾನದ್ದು. ಎದೆ ಮತ್ತು ರೆಕ್ಕೆಯ ನಡುವೆ ಸಣ್ಣ ಸೊಂಟವಿದ್ದು ಮುಂಗಾಲು ಗುದ್ದಲಿಯಂತೆ ಹಲ್ಲುಹಲ್ಲಾಗಿದ್ದರೆ ಸ್ಕಾರೈಟಿನಿ, ಮಣ್ಣು ತೋಡುವ ಗುಂಪು. ಗಟ್ಟಿರೆಕ್ಕೆ ತುದಿಯಲ್ಲಿ ಕತ್ತರಿಸಿದಂತಿದ್ದು, ಮುಟ್ಟಿದಾಗ ಠಸ್ ಎಂದು ಬಿಸಿ ಹಬೆ ಚಿಮ್ಮಿ ಬೆರಳು ಕಂದುಗಟ್ಟಿದರೆ ಫೆರಾಪ್ಸೋಫಸ್‌ನಂಥ ಬಾಂಬರ್ ದುಂಬಿ. ಹೈಡ್ರೊಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಒಳಗೇ ಬೆರೆತು ಸುಮಾರು 100 ಡಿಗ್ರಿಗೆ ಏರುವುದರಿಂದ ಹೀಗಾಗುತ್ತದೆ. ಅದನ್ನು ಮುಖದ ಹತ್ತಿರ ಹಿಡಿಯಬೇಡಿ.

ಉಳಿದವುಗಳಿಗೆ ಕಣ್ಣಿನ ಮೇಲಿನ ಕೂದಲು ಎಣಿಸಬೇಕು. ಪ್ರತಿ ಕಣ್ಣಿನ ಒಳ ಅಂಚಿನಲ್ಲಿ ಹಾರ್ಪಲಿನಿ ಗುಂಪಿನವಕ್ಕೆ ಒಂದೇ ಉದ್ದ ಕೂದಲು. ಪ್ಲಾಟಿನಿನಿ, ಟೆರೊಸ್ಟಿಕಿನಿ ಗುಂಪುಗಳಿಗೆ ಸಾಮಾನ್ಯವಾಗಿ ಎರಡು. ಹಳೆಯ ಮಾದರಿಯಲ್ಲಿ ಕೂದಲು ಉದುರಿಹೋಗಿ ಲೆಕ್ಕ ತಪ್ಪುತ್ತದೆ, ಆದರೆ ಅದು ನಾಟಿದ್ದ ಕುಳಿ ಉಳಿದಿರುತ್ತದೆ. ನೇರ ಬೆಳಕಿನಲ್ಲಿ ಕುಳಿ ಕಾಣುವುದಿಲ್ಲ. ಟಾರ್ಚನ್ನು ಪಕ್ಕದಿಂದ ತಗ್ಗಾಗಿ ಹಿಡಿದು ದುಂಬಿಯನ್ನು ನಿಧಾನ ತಿರುಗಿಸಿದರೆ ಕಪ್ಪು ಹೊಳಪಿನ ನಡುವೆ ಉಂಗುರದಂಥ ಚುಕ್ಕೆ ಮಿನುಗುತ್ತದೆ. ಅದನ್ನೇ ಎಣಿಸಿ.

ಬೆಟ್ಟದ ದುಂಬಿಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಹೆಗಲು. ಹಾರುವ ದುಂಬಿಯ ಗಟ್ಟಿರೆಕ್ಕೆಗೆ ಬುಡದಲ್ಲಿ ಚೌಕ ಹೆಗಲಿರುತ್ತದೆ, ಅಡಿಯಲ್ಲಿ ಪೂರ್ತಿ ಬೆಳೆದ ಪೊರೆರೆಕ್ಕೆ ಮಡಚಿರುತ್ತದೆ. ಎತ್ತರದ ಬೆಟ್ಟದ ಎಷ್ಟೋ ಪ್ರಭೇದಗಳಲ್ಲಿ ಪೊರೆರೆಕ್ಕೆ ಕುಗ್ಗಿ ಸಣ್ಣ ತುಣುಕಾಗಿದೆ. ಹಾರುವ ಸ್ನಾಯು ಬೇಡವಾದ್ದರಿಂದ ಹಿಂದಿನ ಎದೆಯೂ ಗಿಡ್ಡವಾಗುತ್ತದೆ, ಹೆಗಲು ಜಾರಿ ದುಂಡಗಾಗುತ್ತದೆ. ರೆಕ್ಕೆ ಎತ್ತದೆಯೇ ಇದನ್ನು ತಿಳಿಯಬಹುದು: ಹಿಂದಿನ ಎದೆಯ ಪಕ್ಕದ ಫಲಕ ಅಗಲಕ್ಕಿಂತ ಸ್ಪಷ್ಟವಾಗಿ ಉದ್ದವಿದ್ದರೆ ಹಾರುವ ಸಾಧ್ಯತೆ ಹೆಚ್ಚು, ಉದ್ದ ಅಗಲ ಹೆಚ್ಚುಕಡಿಮೆ ಒಂದೇ ಆಗಿದ್ದರೆ ರೆಕ್ಕೆ ಕುಗ್ಗಿರುವ ಸಾಧ್ಯತೆ ಹೆಚ್ಚು. ಹಾರಲಾಗದ ದುಂಬಿ ಕಣಿವೆ ದಾಟಿ ಇನ್ನೊಂದು ಬೆಟ್ಟಕ್ಕೆ ಹೋಗುವುದು ಕಷ್ಟ. ಹೀಗಾಗಿ ಹೊರಗೆ ಒಂದೇ ತರಹ ಕಾಣುವ ಎರಡು ಬೆಟ್ಟದ ದುಂಬಿಗಳು ಬೇರೆ ಪ್ರಭೇದವೇ ಆಗಿರಬಹುದು.

ಅದನ್ನು ತೀರ್ಮಾನಿಸುವುದು ಗಂಡಿನ ಜನನಾಂಗ. ಗಂಡನ್ನು ಗುರುತಿಸಲು ಮುಂಗಾಲು ನೋಡಿ: ಬಹುತೇಕ ಗುಂಪುಗಳಲ್ಲಿ ಗಂಡಿನ ಮುಂಗಾಲಿನ ಪಾದದ ಮೊದಲ ಮೂರು ನಾಲ್ಕು ಗೆಣ್ಣು ಅಗಲವಾಗಿ, ಅಡಿಯಲ್ಲಿ ಅಂಟುಗೂದಲು ಇರುತ್ತದೆ. ಒಣಗಿದ ಮಾದರಿಯನ್ನು ಬಿಸಿನೀರಿನಲ್ಲಿ 15–20 ನಿಮಿಷ ನೆನೆಸಿ, ತುದಿ ಬಾಗಿಸಿದ ಸೂಜಿಯಿಂದ ಜನನಾಂಗವನ್ನು ಹೊಟ್ಟೆಯ ಹಿಂಬದಿಯಿಂದ ಎಳೆಯಿರಿ. ನೆನೆಯುವ ಮುಂಚೆ ಎಳೆದರೆ ಬುಡದಲ್ಲೇ ಮುರಿಯುತ್ತದೆ. ಶೇ. 10ರ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್‌ನಲ್ಲಿ ಒಂದು ರಾತ್ರಿ ಇಟ್ಟು ಮಾಂಸ ಕರಗಿಸಿ, ನೀರಿನಲ್ಲಿ ತೊಳೆದು, ಗ್ಲಿಸರಿನ್‌ನಲ್ಲಿ ನೋಡಿ. ಹೆಚ್ಚು ಹೊತ್ತು ಬಿಟ್ಟರೆ ಒಳಚೀಲದ ವಿವರ ಅಳಿಸಿಹೋಗುತ್ತದೆ. ಕೈಗವಸು ಬೇಕೇ ಬೇಕು, ಚರ್ಮ ಸುಡುತ್ತದೆ.

ನಮ್ಮ ಮಳೆಗಾಲಕ್ಕೆ ಸೂಜಿ ಚುಚ್ಚಿಟ್ಟ ಮಾದರಿಗೆ ಬೂಷ್ಟು ಬರುವುದು ಖಂಡಿತ. ನ್ಯಾಫ್ತಲೀನ್ ಉಂಡೆ ಬೂಷ್ಟನ್ನು ತಡೆಯುವುದಿಲ್ಲ. ಸೆಪ್ಟೆಂಬರ್‌ವರೆಗೂ ಶೇ. 70ರ ಆಲ್ಕೋಹಾಲ್‌ನಲ್ಲಿ ಇಟ್ಟು, ಬಿಸಿಲು ಬಂದ ಮೇಲೆ ಒಣಗಿಸಿ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಸೇರಿಸುವುದು ಒಳ್ಳೆಯದು. ಚೀಟಿಯನ್ನು ಪೆನ್ಸಿಲ್‌ನಲ್ಲೇ ಬರೆಯಿರಿ, ಬಾಲ್‌ಪೆನ್ ಶಾಯಿ ಆಲ್ಕೋಹಾಲ್‌ನಲ್ಲಿ ಕರಗುತ್ತದೆ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಂದು ಹುಳವನ್ನೂ ಎತ್ತುವಂತಿಲ್ಲ. ಅಲ್ಲಿ ಫೋಟೊ ಸಾಕು, ಆದರೆ ಬೆನ್ನಿನದರ ಜೊತೆ ಪಕ್ಕದ ನೋಟವೂ ಇರಲಿ.

ಚೀಟಿಯಲ್ಲಿ ಊರು, ಅಕ್ಷಾಂಶ, ರೇಖಾಂಶ, ತಾರೀಕು ಇರಲಿ. ಎತ್ತರವನ್ನಂತೂ ಬಿಡಲೇಬೇಡಿ. 1,748 ಮೀಟರ್‌ನ ತಡಿಯಂಡಮೋಳ್ ಬೆಟ್ಟದ ಬುಡದ ಕಾಡಿನಲ್ಲಿ ಸಿಕ್ಕಿದ್ದಕ್ಕೂ ನೆತ್ತಿಯ ಹುಲ್ಲಿನಲ್ಲಿ ಸಿಕ್ಕಿದ್ದಕ್ಕೂ 'ತಡಿಯಂಡಮೋಳ್' ಎಂದಷ್ಟೇ ಬರೆದರೆ ಆ ಮಾದರಿ ಅರ್ಧ ಸತ್ತಂತೆ. ಎರಡು ಬೆಟ್ಟದ ದುಂಬಿಗಳನ್ನು ಒಂದೇ ಬಾಟಲಿಗೆ ಹಾಕಬೇಡಿ.