ಟ್ರಿನಿಡಾಡ್‌ನ ರಜೆ ಪಟ್ಟಿ ಮತ್ತು ಪಟ್ಟಿಯಲ್ಲಿಲ್ಲದ ಹಬ್ಬಗಳು

ಟ್ರಿನಿಡಾಡ್ ಮತ್ತು ಟೊಬೇಗೊ ದೇಶದ ಅಧಿಕೃತ ರಜೆಗಳು 14. ಊರಿಗೆ ಊರೇ ಬೀದಿಗಿಳಿಯುವ ಕಾರ್ನಿವಲ್ ಮಾತ್ರ ಆ ಹದಿನಾಲ್ಕರಲ್ಲಿ ಇಲ್ಲ. ಕಾನೂನಿನ ಲೆಕ್ಕಕ್ಕೆ ಕಾರ್ನಿವಲ್ಲಿನ ಸೋಮವಾರ, ಮಂಗಳವಾರ ಎರಡೂ ಕೆಲಸದ ದಿನಗಳೇ. ಶಾಲೆ ಇರುವುದಿಲ್ಲ, ಬ್ಯಾಂಕ್ ತೆರೆಯುವುದಿಲ್ಲ, ರಾಜಧಾನಿ ಪೋರ್ಟ್ ಆಫ್ ಸ್ಪೇನ್ ನಗರದ ಒಳಗೆ ಕಾರು ಓಡಿಸಲು ದಾರಿಯೂ ಇರುವುದಿಲ್ಲ, ಅಷ್ಟೇ. ಕೆಲಸಕ್ಕೆಂದೋ ಕ್ರಿಕೆಟ್ ನೋಡಲೆಂದೋ ಹೋಗುವವರು ಎರಡು ಕ್ಯಾಲೆಂಡರ್ ಇಟ್ಟುಕೊಳ್ಳಬೇಕು: ಗೆಜೆಟ್ಟಿನದು ಒಂದು, ಜನರದು ಇನ್ನೊಂದು. ಕೆಲಸದ ಮೇಲೆ ಹೋಗುವವರು ಕಾರ್ನಿವಲ್ಲಿನ ಎರಡು ದಿನಗಳ ಬಗ್ಗೆ ನೇಮಕಪತ್ರದಲ್ಲಿ ಏನಿದೆ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ಮೊದಲು ಗೆಜೆಟ್ಟಿನ ಲೆಕ್ಕ. ತಾರೀಕು ಬದಲಾಗದ ರಜೆಗಳು ಒಂಬತ್ತು: ಜನವರಿ 1, ಸ್ಪಿರಿಚುವಲ್ ಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತ ಪಂಥದವರ ವಿಮೋಚನಾ ದಿನ ಮಾರ್ಚ್ 30, ಭಾರತೀಯರ ಆಗಮನ ದಿನ ಮೇ 30, ಕಾರ್ಮಿಕರ ದಿನ ಜೂನ್ 19, ಗುಲಾಮಗಿರಿ ವಿಮೋಚನೆಯ ದಿನ ಆಗಸ್ಟ್ 1, ಸ್ವಾತಂತ್ರ್ಯ ದಿನ ಆಗಸ್ಟ್ 31, ಗಣರಾಜ್ಯ ದಿನ ಸೆಪ್ಟೆಂಬರ್ 24, ಕ್ರಿಸ್‌ಮಸ್, ಅದರ ಮರುದಿನ ಬಾಕ್ಸಿಂಗ್ ಡೇ. ಉಳಿದ ಐದು ವರ್ಷವರ್ಷಕ್ಕೂ ಓಡಾಡುತ್ತವೆ. ಗುಡ್ ಫ್ರೈಡೇ, ಈಸ್ಟರ್ ಸೋಮವಾರ, ಕ್ಯಾಥೊಲಿಕರ ಹಬ್ಬ ಕಾರ್ಪಸ್ ಕ್ರಿಸ್ಟಿ ಈ ಮೂರೂ ಈಸ್ಟರ್ ಭಾನುವಾರಕ್ಕೆ ಕಟ್ಟಿಕೊಂಡವು. ಈದುಲ್ ಫಿತ್ರ್ ಚಂದ್ರದರ್ಶನಕ್ಕೆ, ದೀಪಾವಳಿ ಅಮಾವಾಸ್ಯೆಗೆ.

ಈಸ್ಟರ್ ಯಾವತ್ತು ಎಂದು ಗೊತ್ತಾದರೆ ಅರ್ಧ ವರ್ಷ ಕೈಗೆ ಸಿಕ್ಕ ಹಾಗೆ. ಅಲ್ಲಿಂದ 48 ದಿನ ಹಿಂದಕ್ಕೆ ಎಣಿಸಿದರೆ ಕಾರ್ನಿವಲ್ ಸೋಮವಾರ, 47 ದಿನ ಹಿಂದಕ್ಕೆ ಮಂಗಳವಾರ, 60 ದಿನ ಮುಂದಕ್ಕೆ ಕಾರ್ಪಸ್ ಕ್ರಿಸ್ಟಿ, ಅದು ಯಾವಾಗಲೂ ಗುರುವಾರ. ರಜೆ ಭಾನುವಾರ ಬಿದ್ದರೆ ಸೋಮವಾರಕ್ಕೆ ಜಾರುತ್ತದೆ, ಶನಿವಾರ ಬಿದ್ದರೆ ಹೋಯಿತು. ಎರಡು ರಜೆ ಒಂದೇ ದಿನ ಬಂದರೆ ಮರುದಿನವೂ ರಜೆ. 2024ರಲ್ಲಿ ಕಾರ್ಪಸ್ ಕ್ರಿಸ್ಟಿ ಸರಿಯಾಗಿ ಮೇ 30ಕ್ಕೇ ಬಂದು ಭಾರತೀಯರ ಆಗಮನ ದಿನದ ಜೊತೆ ಸೇರಿಕೊಂಡಿತ್ತು, ಹಾಗಾಗಿ ಶುಕ್ರವಾರವೂ ಬಿಡುವು ಸಿಕ್ಕಿತು.

2027ರ ಲೆಕ್ಕ ನೋಡಿ. ಈಸ್ಟರ್ ಮಾರ್ಚ್ 28. ಕಾರ್ನಿವಲ್ ಫೆಬ್ರವರಿ 8 ಮತ್ತು 9. ಗುಡ್ ಫ್ರೈಡೇ 26, ಈಸ್ಟರ್ ಸೋಮವಾರ 29, ಮಂಗಳವಾರ 30 ಬ್ಯಾಪ್ಟಿಸ್ಟರ ದಿನ. ಶುಕ್ರವಾರದಿಂದ ಮಂಗಳವಾರದವರೆಗೆ ಸಾಲಾಗಿ ಐದು ದಿನ ಕಚೇರಿ ಕೆಲಸ ಆಗುವುದಿಲ್ಲ. ಮೇ 27 ಗುರುವಾರ ಕಾರ್ಪಸ್ ಕ್ರಿಸ್ಟಿ, ಮೇ 30 ಭಾನುವಾರವಾದ್ದರಿಂದ ರಜೆ 31ಕ್ಕೆ. ನಡುವಿನ ಶುಕ್ರವಾರ ಯಾರಾದರೂ ಸೀಟಿನಲ್ಲಿ ಸಿಗುತ್ತಾರೆಂದು ನಂಬಿ ಫೈಲು ಹಿಡಿದು ಹೋಗಬೇಡಿ.

ಇದರ ಮೇಲೆ ಆಗೊಮ್ಮೆ ಈಗೊಮ್ಮೆ ಸರ್ಕಾರ ದಿಢೀರ್ ರಜೆಯನ್ನೂ ಕೊಡುತ್ತದೆ. ಫುಟ್‌ಬಾಲ್ ತಂಡ ವಿಶ್ವಕಪ್ಪಿಗೆ ಅರ್ಹತೆ ಪಡೆದ ಖುಷಿಗೆ 2005ರ ನವೆಂಬರ್ 17ರಂದು ಕೊಟ್ಟಿತ್ತು. ದ್ವೀಪದ ಮೂಲನಿವಾಸಿಗಳ ಗೌರವಕ್ಕೆ 2017ರ ಅಕ್ಟೋಬರ್ 13ರಂದು ಒಂದೇ ಒಂದು ಸಲ ಕೊಟ್ಟಿತ್ತು.

ಪಟ್ಟಿಯಲ್ಲಿರುವ ದಿನಗಳು ಸುಮ್ಮನೆ ಬಂದು ಕೂತವಲ್ಲ. 2011ರ ಜನಗಣತಿಯ ಪ್ರಕಾರ ಭಾರತೀಯ ಮೂಲದವರು ಶೇ. 35ರಷ್ಟು, ಆಫ್ರಿಕನ್ ಮೂಲದವರು ಶೇ. 34ರಷ್ಟು. ಸರಿಸಮ ಇರುವ ಇಂಥ ಕಡೆ ಯಾರ ಹಬ್ಬಕ್ಕೆ ರಜೆ ಅನ್ನುವುದು ಯಾರ ಚರಿತ್ರೆಗೆ ಮಾನ್ಯತೆ ಅನ್ನುವ ಪ್ರಶ್ನೆಯೂ ಹೌದು. ಸ್ಪಿರಿಚುವಲ್ ಬ್ಯಾಪ್ಟಿಸ್ಟರ ಪೂಜೆಯಲ್ಲಿ ಗಂಟೆ, ಕೂಗು, ಚಪ್ಪಾಳೆ ಜಾಸ್ತಿ. ಗಲಾಟೆ ಅನ್ನುವ ನೆಪ ಒಡ್ಡಿ 1917ರಲ್ಲಿ ಬ್ರಿಟಿಷ್ ಆಡಳಿತ ಆ ಪೂಜೆಯನ್ನೇ ನಿಷೇಧಿಸಿತು. ನಿಷೇಧ ತೆಗೆದದ್ದು 1951ರ ಮಾರ್ಚ್ 30ಕ್ಕೆ, ಆ ದಿನ ರಜೆಯಾಗಿದ್ದು 1996ರಲ್ಲಿ. ಜೂನ್ 19 ಇರುವುದು ಫೈಜಾಬಾದ್ ಅನ್ನುವ ತೈಲದ ಊರಿನಲ್ಲಿ 1937ರಲ್ಲಿ ಕಾರ್ಮಿಕ ನಾಯಕ ಬಟ್ಲರ್ ನೇತೃತ್ವದಲ್ಲಿ ಕಾರ್ಮಿಕರು ಸಿಡಿದೆದ್ದದ್ದಕ್ಕೆ. ಇವತ್ತಿಗೂ ಕಾರ್ಮಿಕ ಸಂಘಗಳ ಮೆರವಣಿಗೆ ರಾಜಧಾನಿಯಲ್ಲಲ್ಲ, ಫೈಜಾಬಾದಿನಲ್ಲೇ. ಆಗಸ್ಟ್ 1ರ ರಜೆ 1985ರಲ್ಲಿ ಬಂದದ್ದು ಕೊಲಂಬಸ್ ದ್ವೀಪ ಕಂಡ ದಿನದ ರಜೆಯನ್ನು ತೆಗೆದುಹಾಕಿ. ಇದರಷ್ಟು ನ್ಯಾಯವಾದ ಅದಲುಬದಲು ಬೇರೆ ಯಾವ ರಜಾಪಟ್ಟಿಯಲ್ಲಿದೆಯೋ! ಮೇ 30 ಫಾತೆಲ್ ರಜಾಕ್ ಹಡಗಿನ ದಿನ. 1845ರ ಫೆಬ್ರವರಿಯಲ್ಲಿ ಕಲ್ಕತ್ತೆಯಿಂದ ಹೊರಟ ಆ ಹಡಗು ಕಬ್ಬಿನ ತೋಟಕ್ಕೆ ಕರಾರುಕೂಲಿಗಳನ್ನು ತಂದು ಇಳಿಸಿತು. ಮುಂದಿನ ವರ್ಷಗಳಲ್ಲಿ ಮದ್ರಾಸ್ ಬಂದರಿನಿಂದಲೂ ಒಂದಷ್ಟು ಜನ ಹೋದರು. ಬಹುಪಾಲು ಮಂದಿ ಮಾತ್ರ ಈಗಿನ ಬಿಹಾರ, ಉತ್ತರ ಪ್ರದೇಶದ ಕಡೆಯವರು, ಅಲ್ಲಿಯ ಹಬ್ಬದಡುಗೆಯ ಹೆಸರುಗಳೂ ಆ ಕಡೆಯವೇ.

ಸ್ವಾತಂತ್ರ್ಯ ದಿನ, ಗಣರಾಜ್ಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪರೇಡು, ಭಾಷಣ, ಪಟಾಕಿ ಎಲ್ಲ ದೇಶದಲ್ಲೂ ಒಂದೇ.

ಕಾರ್ನಿವಲ್ ಯಾರ ಅನುಮತಿಗೂ ಕಾದಿದ್ದಲ್ಲ. 1881ರಲ್ಲಿ ಪಂಜು ಹಿಡಿದ ಮೆರವಣಿಗೆಯನ್ನು ತಡೆಯಲು ಬಂದ ಪೊಲೀಸರ ಜೊತೆ ಪೋರ್ಟ್ ಆಫ್ ಸ್ಪೇನ್‌ನ ಜನ ಬಡಿದಾಡಿದರು. ಆ ಘಟನೆಯನ್ನು ಕಾರ್ನಿವಲ್ ಶುಕ್ರವಾರ ನಸುಕಿನಲ್ಲಿ ಬೀದಿಯಲ್ಲಿ ಆಡಿ ತೋರಿಸುತ್ತಾರೆ. ಹೊರಗಿನಿಂದ ಬಂದವರು ಮಂಗಳವಾರದ ಗರಿ, ಮಣಿ, ಮಿಂಚಿನ ವೇಷಗಳಿಗೆ ಮಾತ್ರ ಕಾಯುತ್ತಾರೆ. ನನ್ನನ್ನು ಕೇಳಿದರೆ ಅದಕ್ಕಿಂತ ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಶುರುವಾಗುವ ಜೂವೇ ಚೆನ್ನ. ಕೆಸರು, ಬಣ್ಣ, ಎಣ್ಣೆ, ಕೋಕೋ ಮೆತ್ತಿಕೊಂಡು ಕುಣಿಯುವುದು. ಹೋಗುವುದಾದರೆ ಬಿಸಾಡಲು ಸಿದ್ಧವಿರುವ ಬಟ್ಟೆ, ಬೆರಳು ಮುಚ್ಚುವ ಹಳೆಯ ಶೂ ಬೇಕು. ಹೊರಡುವ ಮೊದಲು ಕೂದಲ ಬುಡ, ಕಿವಿಯ ಹಿಂದೆ, ಉಗುರಿನ ಸುತ್ತ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಇಲ್ಲದಿದ್ದರೆ ನೀಲಿ ಬಣ್ಣ ವಾರವಾದರೂ ಬಿಡುವುದಿಲ್ಲ. ಫೋನನ್ನು ಎರಡು ಪ್ಲಾಸ್ಟಿಕ್ ಚೀಲದೊಳಗೆ ಹಾಕಿ. ವಾಪಸ್ ಬರುವಾಗ ಟ್ಯಾಕ್ಸಿಯವರು ಹತ್ತಿಸಿಕೊಳ್ಳದೆ ಹೋಗಬಹುದು, ಸೀಟಿಗೆ ಹಾಸಲು ಹಳೆಯ ಟವೆಲ್ ಇದ್ದರೆ ಮಾತುಕತೆ ಸುಲಭ.

ಕುಣಿಯಲು ಮನಸ್ಸಿಲ್ಲದವರಿಗೆ ಪ್ಯಾನ್‌ಯಾರ್ಡ್ ಇದೆ, ಅಂದರೆ ಸ್ಟೀಲ್‌ಪ್ಯಾನ್ ತಂಡಗಳು ಅಭ್ಯಾಸ ಮಾಡುವ ಅಂಗಳ. ಉಕ್ಕಿನ ಎಣ್ಣೆ ಡ್ರಮ್ಮಿನ ತಳವನ್ನು ಸುತ್ತಿಗೆಯಿಂದ ಬಡಿದು ತಗ್ಗು ಮಾಡಿ, ಸ್ವರಕ್ಕೊಂದು ಜಾಗ ಗುರುತಿಸಿ, ಬೆಂಕಿಗೆ ಕಾಯಿಸಿ ಶ್ರುತಿ ಕೂಡಿಸಿದ ವಾದ್ಯವೇ ಸ್ಟೀಲ್‌ಪ್ಯಾನ್. 1992ರಿಂದ ಅದು ರಾಷ್ಟ್ರೀಯ ವಾದ್ಯ. ಪನೋರಮಾ ಸ್ಪರ್ಧೆಗೆ ದೊಡ್ಡ ತಂಡಗಳಲ್ಲಿ ನೂರಕ್ಕೂ ಹೆಚ್ಚು ಮಂದಿ ನುಡಿಸುತ್ತಾರೆ. ಕಾರ್ನಿವಲ್ಲಿಗೆ ಮುಂಚಿನ ವಾರಗಳಲ್ಲಿ ರಾತ್ರಿ ಅಭ್ಯಾಸ ನಡೆಯುವಾಗ ಹೋಗಿ ಗೋಡೆಗೆ ಒರಗಿ ನಿಂತು ಕೇಳಬಹುದು. ಸಂಗೀತದ ಒಂದೇ ತುಣುಕನ್ನು ಮೂವತ್ತು ಸಲ ತಿದ್ದಿಸುತ್ತಾರೆ. ಫೈನಲ್ಲಿನ ಗದ್ದಲದಲ್ಲಿ ಕೇಳಿಸದ್ದು ಅಲ್ಲಿ ಕೇಳಿಸುತ್ತದೆ.

ಪಟ್ಟಿಯ ಹೊರಗಿರುವ ಇನ್ನೊಂದು ಹೊಸೇ, ಅಂದರೆ ಮೊಹರಂ. ರಾಯಚೂರು, ಕೊಪ್ಪಳ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ಲೂ ಹಿಂದೂ ಮನೆಗಳವರು ಕೈಜೋಡಿಸುತ್ತಾರೆ. ರಾಜಧಾನಿಯ ಸೇಂಟ್ ಜೇಮ್ಸ್‌ನಲ್ಲಿ ಬಿದಿರು, ಮರ, ಕಾಗದ, ಥರ್ಮಕೋಲ್ ಬಳಸಿ ಆಳೆತ್ತರ ಮೀರುವ ತಾಜಿಯಾ, ಅಂದರೆ ಗೋರಿಯ ಮಾದರಿ, ಕಟ್ಟುತ್ತಾರೆ. ಮೆರವಣಿಗೆಯಲ್ಲಿ ಹೊರುವ ದೊಡ್ಡ ಚಂದ್ರಾಕೃತಿಗಳಲ್ಲಿ ಕೆಂಪು ಚಂದ್ರ ಹುಸೇನರಿಗೆ, ಹಸಿರು ಚಂದ್ರ ಹಸನರಿಗೆ. ಕೊನೆಗೆ ತಾಜಿಯಾ ಸಮುದ್ರದ ಪಾಲು. 1884ರಲ್ಲಿ ಸರ್ಕಾರದ ಆಜ್ಞೆ ಮೀರಿ ಸ್ಯಾನ್ ಫೆರ್ನಾಂಡೊ ಪಟ್ಟಣದೊಳಕ್ಕೆ ಬಂದ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿ ಹಲವರನ್ನು ಕೊಂದರು. ನೋಡಲು ಹೋದರೆ ತಾಸಾ ಅನ್ನುವ ಚರ್ಮವಾದ್ಯ ನುಡಿಸುವವರ ಪಕ್ಕದಲ್ಲಿ ನಿಲ್ಲಿ. ಆಡಿನ ಚರ್ಮ ರಾತ್ರಿಯ ತಂಪಿಗೆ ಸಡಿಲವಾಗುತ್ತದೆ. ಹಾಗಾದಾಗ ರಸ್ತೆ ಬದಿಯಲ್ಲೇ ಬೆಂಕಿ ಹಾಕಿ ತಾಸಾದ ಮುಖವನ್ನು ಉರಿಗೆ ಹಿಡಿದು ತಿರುಗಿಸುತ್ತಾರೆ. ಬೆರಳಿನಿಂದ ತಟ್ಟಿದರೆ ಟಣ್ ಅನ್ನಬೇಕು. ಒಂದು ಗಳಿಗೆ ಹೆಚ್ಚು ಹಿಡಿದರೆ ಚರ್ಮ ಸೀಳುತ್ತದೆ. ಬಣ್ಣದ ಹಬ್ಬ ಫಗ್ವಾ ಸಹ ರಜೆಯಲ್ಲ. ಪಕ್ಕದ ಗಯಾನಾದಲ್ಲಿ ರಜೆ ಇದೆ, ಇಲ್ಲಿಲ್ಲ, ಆದ್ದರಿಂದ ಹೆಚ್ಚಿನ ಆಟ ವಾರಾಂತ್ಯಕ್ಕೆ.

ದೀಪಾವಳಿಗೆ 1966ರಿಂದ ರಜೆ. ಒಂದೇ ದಿನ, ನರಕ ಚತುರ್ದಶಿಯ ಎಣ್ಣೆಸ್ನಾನವೂ ಇಲ್ಲ, ಬಲಿಪಾಡ್ಯಮಿಯೂ ಇಲ್ಲ, ಸಂಜೆಯ ಲಕ್ಷ್ಮೀಪೂಜೆಯೇ ಹಬ್ಬ. ಬೆಂಗಳೂರಿನ ಪಂಚಾಂಗ ನೋಡಿ ಟಿಕೆಟ್ ಮಾಡಿಸಬೇಡಿ. ಟ್ರಿನಿಡಾಡ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ, ಸಂಜೆಗೆ ಇರುವ ಅಮಾವಾಸ್ಯೆ ಕೆಲವು ವರ್ಷ ಬೇರೆ ತಾರೀಕಿಗೆ ಬೀಳಬಹುದು. ಸರ್ಕಾರ ಪ್ರಕಟಿಸಿದ ತಾರೀಕೇ ಲೆಕ್ಕ. ಹಬ್ಬಕ್ಕೆ ಮುಂಚಿನ ರಾತ್ರಿಗಳಲ್ಲಿ ಚಗ್ವಾನಾಸ್ ಬಳಿ 1986ರಿಂದ ನಡೆದುಬಂದ ದಿವಾಲಿ ನಗರ್ ಮೇಳ ಇರುತ್ತದೆ. ಆವರಣದೊಳಗೆ ಮಾಂಸ, ಮದ್ಯ ಇಲ್ಲ.

ದೀಪ ಹಚ್ಚುವ ಬಗೆ ಬೇರೆ. ಹೊಸಿಲಿಗೆ ನಾಲ್ಕು ಹಣತೆ ಇಟ್ಟು ಮುಗಿಸುವುದಿಲ್ಲ, ಅಂಗಳದಲ್ಲಿ, ಮೈದಾನದಲ್ಲಿ ಬಿದಿರಿನ ಕಮಾನು ಕಟ್ಟಿ ಸಾಲುಸಾಲಾಗಿ ಜೋಡಿಸುತ್ತಾರೆ. ಬಿದಿರನ್ನು ಹಬ್ಬಕ್ಕೆ ಎರಡು ಮೂರು ದಿನ ಇರುವಾಗ ಕಡಿಯಬೇಕು. ಒಣಗಿದ್ದು ಬಗ್ಗಿಸಿದರೆ ಮುರಿಯುತ್ತದೆ. ಹೆಬ್ಬೆರಳಗಲ ಸೀಳಿ, ಒಳಗಿನ ಗಂಟು ಕೆತ್ತಿ, ಸಿಪ್ಪೆಯ ಕಡೆ ಹೊರಕ್ಕೆ ಬರುವಂತೆ ಬಗ್ಗಿಸಿ ತಂತಿಯಿಂದ ಬಿಗಿಯುತ್ತಾರೆ. ಹಣತೆ ಕೂರುವ ಅಡ್ಡಪಟ್ಟಿ ಮಟ್ಟಸವಾಗಿರಬೇಕು, ಒಂದು ಬದಿ ತಗ್ಗಿದ್ದರೆ ಎಣ್ಣೆ ತುಳುಕಿ ಬಿದಿರಿಗೇ ಬೆಂಕಿ ತಗಲುತ್ತದೆ. ಮೇಲಿನ ಸಾಲಿಗೂ ಕೆಳಗಿನದಕ್ಕೂ ಕನಿಷ್ಠ ಒಂದಡಿ ಅಂತರ ಬಿಡಿ. ಹೊಸ ಹಣತೆಯನ್ನು ಹಿಂದಿನ ದಿನ ನೀರಿನಲ್ಲಿ ನೆನೆಹಾಕಿ ಒಣಗಿಸದಿದ್ದರೆ ಅರ್ಧ ಎಣ್ಣೆ ಮಣ್ಣೇ ಕುಡಿಯುತ್ತದೆ. ಹಣತೆಗೆ ಸುಮಾರು 20 ಮಿಲಿ ಕೊಬ್ಬರಿ ಎಣ್ಣೆ ಹಾಕಿದರೆ ಎರಡು ಮೂರು ಗಂಟೆ ಉರಿಯುತ್ತದೆ, ಇನ್ನೂರು ಹಣತೆಗೆ ನಾಲ್ಕು ಲೀಟರ್. ಅಕ್ಟೋಬರ್, ನವೆಂಬರ್ ಅಲ್ಲಿ ಇನ್ನೂ ಮಳೆಗಾಲ, ಸಂಜೆ ಒಂದು ಸುರಿ ಬಂದರೆ ಹಣತೆಯಲ್ಲಿ ನೀರು ಅಡಿಗಿಳಿದು ಬತ್ತಿ ಚಟಪಟ ಸಿಡಿಯುತ್ತದೆ. ಅಂಥ ಬತ್ತಿ ಒಣಗಿಸಲು ಹೋಗದೆ ಬದಲಾಯಿಸಿಬಿಡುವುದೇ ಮೇಲು. ಆರೂಕಾಲಿಗೆಲ್ಲ ಪೂರ್ತಿ ಕತ್ತಲೆ, ಹಾಗಾಗಿ ಎಣ್ಣೆ ಹಾಕುವ ಕೆಲಸ ಐದಕ್ಕೇ ಮುಗಿದಿರಬೇಕು. ಫೆಲಿಸಿಟಿ ಊರಿನ ಬೀದಿಗಳನ್ನು ನೋಡಲು ಹೋಗುವವರು ಕಾರನ್ನು ದೂರ ಬಿಟ್ಟು ನಡೆಯಿರಿ.

ಆ ದಿನ ಊಟ ಸೊಹಾರಿ ಅನ್ನುವ ಗಿಡದ ಅಗಲ ಎಲೆಯ ಮೇಲೆ. ಕುಂಬಳದ ಪಲ್ಯ, ಕಡಲೆ ಆಲೂ, ಮಾವಿನಕಾಯಿಯ ಮಸಾಲೆ, ಇವೆಲ್ಲದರ ನಡುವೆ ದಾಲ್‌ಪೂರಿ. ಹೂರಣದ ಹೋಳಿಗೆ ಮಾಡಿ ಗೊತ್ತಿದ್ದವರಿಗೆ ಕೈಗೆ ಬೇಗ ಒಲಿಯುತ್ತದೆ, ಆದರೆ ಬೇಳೆ ಬೇಯಿಸುವಲ್ಲೇ ಎಡವುತ್ತೇವೆ. ಹಳದಿ ಬಟಾಣಿ ಬೇಳೆ ಕಾಲು ಕೆಜಿಗೆ ಅರಿಸಿನ, ಉಪ್ಪು ಹಾಕಿ ಕುಕ್ಕರಿಲ್ಲದೆ ತೆರೆದ ಪಾತ್ರೆಯಲ್ಲಿ ಬೇಯಿಸಿ. ಬೆರಳಲ್ಲಿ ಒತ್ತಿದರೆ ಎರಡಾಗಬೇಕು, ಮುದ್ದೆಯಾಗಬಾರದು. ನೀರು ಬಸಿದು ಆರಲು ಹರಡಿ, ಹುರಿದ ಜೀರಿಗೆ, ಬೆಳ್ಳುಳ್ಳಿ, ಖಾರದ ಮೆಣಸಿನಕಾಯಿ ಸೇರಿಸಿ ನೀರಿಲ್ಲದೆ ತರಿ ಪುಡಿ ಮಾಡಿ. ಹೂರಣ ಹಸಿಯಾಗಿದ್ದರೆ ಲಟ್ಟಿಸುವಾಗ ಕಣಕ ಹರಿಯುತ್ತದೆ. ಕಣಕ ಅರ್ಧ ಗಂಟೆ ನೆನೆಯಬೇಕು, ತವೆಯ ಮೇಲೆ ಉಬ್ಬಿತೆಂದರೆ ಪುಡಿ ಸರಿಯಾಗಿ ಹರಡಿದೆ ಎಂದರ್ಥ.

ಅಲ್ಲಿಯ ಕುರ್ಮಾ ಪೂರಿ ಜೊತೆಯ ಕುರ್ಮಾ ಅಲ್ಲ, ಶಂಕರಪೋಳಿಯ ಬಳಗ. ಮೈದಾ, ಬೆಣ್ಣೆ, ಶುಂಠಿ, ಹಾಲು ಕಲಸಿ ಕಡ್ಡಿಗಳಾಗಿ ಕತ್ತರಿಸಿ ಕರಿದು, ಮೇಲೆ ಸಕ್ಕರೆ ಪಾಕ ಸುರಿದು ಕದಡುತ್ತಾರೆ. ಒಂದೆಳೆಗೇ ಇಳಿಸಿದರೆ ಮೂರು ದಿನವಾದರೂ ಅಂಟಂಟು. ಎರಡೆಳೆ ಬಂದ ಮೇಲೆ ಸುರಿದು ಬಿಳಿ ಪುಡಿಯಾಗುವ ತನಕ ಕೈಬಿಡದೆ ಕದಡಬೇಕು.

ಕ್ರಿಸ್‌ಮಸ್ಸಿಗೆ ಎಲ್ಲ ಧರ್ಮದವರ ಮನೆಯಲ್ಲೂ ಸೋರೆಲ್ ಅನ್ನುವ ಪಾನೀಯ ಸಿಗುತ್ತದೆ. ಸೋರೆಲ್ ಪುಂಡಿ ಸೊಪ್ಪಿನ ಬಳಗದ ಗಿಡ, ಬಳಸುವುದು ಹೂವಿನ ಬುಡದ ಕೆಂಪು ಹೂದಳಪಾತ್ರೆ. ಬೀಜದ ಗುಂಡು ತೆಗೆದ ಅರ್ಧ ಕೆಜಿ ಹಸಿ ಸೋರೆಲ್‌ಗೆ ಎರಡು ಲೀಟರ್ ನೀರು, ಆರೇಳು ಲವಂಗ, ಒಂದು ತುಂಡು ಚಕ್ಕೆ, ಕಿತ್ತಳೆ ಸಿಪ್ಪೆ ಹಾಕಿ ಒಂದು ಕುದಿ ಬಂದ ಕೂಡಲೆ ಇಳಿಸಿ ರಾತ್ರಿಯಿಡೀ ಮುಚ್ಚಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಹುಳಿಗೆ ರುಚಿ ಕೆಡುತ್ತದೆ. ಸಕ್ಕರೆ ಸೋಸಿದ ಮೇಲೆಯೇ. ಲವಂಗ ಹೆಚ್ಚಾದರೆ ಹಲ್ಲುನೋವಿನ ಔಷಧಿ ಕುಡಿದ ಹಾಗಾಗುತ್ತದೆ, ಆಮೇಲೆ ಎಷ್ಟು ನೀರು ಬೆರೆಸಿದರೂ ಸರಿಹೋಗುವುದಿಲ್ಲ.