"ಸಾರ್ ಇಲ್ವಾ ಮನೇಲಿ?"

ಮಂಗಳವಾರ ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟಾರು ಗುಂಯ್ ಅಂತು, ತಿರುಗಲಿಲ್ಲ. ಸಂಪಿನ ತುಂಬ ನೀರಿದೆ, ಮೇಲಿನ ಟ್ಯಾಂಕು ಖಾಲಿ. ತಕ್ಷಣ ಆಫ್ ಮಾಡಿದೆ. ತಿರುಗದ ಮೋಟಾರಿಗೆ ಕರೆಂಟು ಕೊಡ್ತಾ ಕೂತರೆ ವೈಂಡಿಂಗ್, ಅಂದರೆ ಒಳಗಿನ ತಂತಿ ಸುರುಳಿ, ಸುಟ್ಟುಹೋಗುತ್ತೆ.

ಅಂಗಡಿಗೆ ಫೋನ್ ಮಾಡಿದವಳು ನಾನು. ಬಂದ ಹುಡುಗ ಗೇಟಿನ ಹತ್ತಿರವೇ ನಿಂತು ಕೇಳಿದ, "ಸಾರ್ ಇಲ್ವಾ ಮನೇಲಿ?"

"ಬೆಂಗಳೂರಿಗೆ ಡ್ಯೂಟಿಗೆ ಹೋಗಿದಾರೆ, ಬರೋದು ರಾತ್ರಿ. ಹೇಳಪ್ಪ, ಫೋನ್ ಮಾಡಿದ್ದು ನಾನೇ."

ಒಂದು ಸಲ ಸ್ವಿಚ್ ಹಾಕಿ ತೆಗೆದ. ಒಂದು ಸ್ಕ್ರೂ ಬಿಚ್ಚಲಿಲ್ಲ. "ವೈಂಡಿಂಗ್ ಹೋಗಿದೆ ಮೇಡಂ. ಹಳೇ ಮೋಟಾರು, ರಿಪೇರಿ ಮಾಡ್ಸಿದ್ರೂ ದಂಡ. ಸಾರ್ ನಂಬರ್ ಕೊಡಿ, ಅವರ ಹತ್ರ ಮಾತಾಡ್ತೀನಿ." ಸುಟ್ಟ ವಾಸನೆ ಬಂದಿಲ್ಲ, ಎಂಸಿಬಿ ಸ್ವಿಚ್ಚು ತಾನಾಗಿ ಬಿದ್ದಿಲ್ಲ ಅಂತ ನಾನು ಹೇಳೋ ಹೊತ್ತಿಗೆ ಬೈಕ್ ಹತ್ತಿ ಆಗಿತ್ತು. ಮಧ್ಯಾಹ್ನಕ್ಕೆ ನಮ್ಮ ಯಜಮಾನರ ವಾಟ್ಸಾಪಿಗೆ ಹೊಸ ಮೋಟಾರುಗಳ ರೇಟು ಬಂತು. ಅವರು ನನಗೆ ಫೋನ್ ಮಾಡಿ, "ಹೊಸದೇ ತಗೊಂಡ್ಬಿಡೋಣ ಬಿಡು" ಅಂದರು.

ಸಂಜೆ ಹಿಂದಿನ ಬೀದಿಯ ತಾತನನ್ನ ಕರೆದುಕೊಂಡು ಬಂದೆ. ಹಳ್ಳಿಹಳ್ಳಿ ತಿರುಗಿ ಬೋರ್‌ವೆಲ್ ಮೋಟಾರು ಎತ್ತಿ, ಇಳಿಸಿ ಜೀವನ ಮಾಡಿದ ಮನುಷ್ಯ. ಈಗ ಕಣ್ಣು ಮಂಜು. ಬಂದವರು ಮೋಟಾರು ಮುಟ್ಟಲಿಲ್ಲ. ಸಂಪಿನ ಪಕ್ಕದ ಕಲ್ಲಿನ ಮೇಲೆ ಕೂತು ಕೇಳಿದರು, "ಅಮ್ಮಯ್ಯಾ, ಹೋದ್ ವಾರ ಇದು ಹೆಂಗೆ ಕೂಗ್ತಿತ್ತು?"

ಹೇಳಿದೆ. ಕೆಲವು ದಿನದಿಂದ ಶುರುವಾಗೋಕೆ ಒದ್ದಾಡ್ತಿತ್ತು, ಸಂಜೆ ವೋಲ್ಟೇಜ್ ಕಮ್ಮಿ ಇದ್ದಾಗ ಇನ್ನೂ ಜಾಸ್ತಿ. ಒಮ್ಮೆ ಹಿಡೀತು ಅಂದರೆ ನೀರಿನ ರಭಸಕ್ಕೇನೂ ಕೊರತೆ ಇರಲಿಲ್ಲ. ತಾತ ತಲೆಯಾಡಿಸಿದರು. "ಅಂಗಾದ್ರೆ ಕಂಡೆನ್ಸರ್ ನೋಡಣ."

ಮೇನ್ ಆಫ್ ಮಾಡಿಸಿ, ಹಿಂದಿನ ಫ್ಯಾನ್ ಮುಚ್ಚಳ ತೆಗೆದು ಶಾಫ್ಟ್ ತಿರುಗಿಸಿದರು. ಸಲೀಸಾಗಿ ತಿರುಗಿತು. ಅಲ್ಲಿಗೆ ನೀರು ತಳ್ಳೋ ಚಕ್ರ, ಇಂಪೆಲ್ಲರ್, ಹಿಡಿದುಕೊಂಡಿಲ್ಲ ಅಂತಾಯಿತು. ನಮ್ಮ ಕಡೆಯ ಗಡಸು ನೀರಿಗೆ, ನಾಲ್ಕು ದಿನ ಓಡಿಸದೆ ಬಿಟ್ಟರೆ ಒಳಗೆ ಕಟ್ಟಿದ ಉಪ್ಪೇ ಅದನ್ನು ಬಿಗಿದುಬಿಡುತ್ತೆ. ಕಂಡೆನ್ಸರ್ ಹೊರಗೆ ತೆಗೆದರೆ ತಳ ಉಬ್ಬಿ, ಅಂಚಿನಲ್ಲಿ ಜಿಡ್ಡು ಒಸರಿತ್ತು. ಅದರೊಳಗೆ ಕರೆಂಟು ಉಳಿದಿರುತ್ತೆ ಅಂತ ನನ್ನ ಕೈ ದೂರ ಸರಿಸಿ, ಎರಡು ತುದಿಗೂ ಸ್ಕ್ರೂಡ್ರೈವರ್ ತಾಗಿಸಿದರು. ಆಮೇಲೆ ವಿವರಿಸಿದರು: ಸಿಂಗಲ್ ಫೇಸ್ ಕರೆಂಟಿಗೆ ನಿಂತ ಮೋಟಾರನ್ನ ತಾನಾಗಿ ತಿರುಗಿಸೋ ಶಕ್ತಿ ಇಲ್ಲ. ಒಳಗೆ ಎರಡು ವೈಂಡಿಂಗ್ ಇರುತ್ತೆ, ಎರಡನೆಯದಕ್ಕೆ ಕರೆಂಟನ್ನ ಸ್ವಲ್ಪ ಹಿಂದುಮುಂದು ಮಾಡಿ ಕೊಡೋದು ಕಂಡೆನ್ಸರ್. ಅದು ಸೊರಗಿದರೆ ಮೋಟಾರು ಗುಂಯ್‌ಗುಡುತ್ತೆ ಅಷ್ಟೆ. ನಮ್ಮ ಅರ್ಧ ಎಚ್‌ಪಿ ಮೋಟಾರಿಗೆ ಇದ್ದದ್ದು 10 ಮೈಕ್ರೋಫ್ಯಾರಡ್, 440 ವೋಲ್ಟಿನದು. ಅದೇ ಅಳತೆಯದನ್ನ ತಂದು ಹಾಕಿದ ಮೇಲೆ ಸ್ವಿಚ್ ಒತ್ತಿದ ಕೂಡಲೇ ಹಿಡೀತು. ಕಂಡೆನ್ಸರಿಗೆ ಕೊಟ್ಟ ದುಡ್ಡು ಇನ್ನೂರು ರೂಪಾಯಿ ಒಳಗೇ.

ಎರಡೂ ಪ್ರಶ್ನೆ ಈ ವಾರವೆಲ್ಲ ತಲೆಯಲ್ಲಿ ತಿರುಗ್ತಾ ಇವೆ. ಒಬ್ಬ ಸಾರ್ ಎಲ್ಲಿ ಅಂದ, ಇನ್ನೊಬ್ಬರು ಸದ್ದು ಹೇಗಿತ್ತು ಅಂದರು. ಹುಡುಗ ಕೆಟ್ಟವನು ಅಂತ ನನಗನಿಸಿಲ್ಲ. ಹೊಸ ಮೋಟಾರು ಮಾರಿದರೇ ಲಾಭ ಅಂತ ಅಂಗಡಿಯವರು ಕಲಿಸಿ ಕಳಿಸಿರ್ತಾರೆ. ಆದರೆ ಕೇಳಬೇಕಾದವಳು ಎದುರಿಗೇ ನಿಂತಿದ್ದೆ. ನಮ್ಮ ಯಜಮಾನರಿಗೆ ಆ ಮೋಟಾರಿನ ಸದ್ದೇ ಗೊತ್ತಿಲ್ಲ. ಅವರು ಏಳೋ ಹೊತ್ತಿಗೆ ಟ್ಯಾಂಕು ತುಂಬಿರುತ್ತೆ.

ಕೋಲಾರಕ್ಕೆ ವರ್ಷವಿಡೀ ಹರಿಯೋ ನದಿ ಇಲ್ಲ. ಬೋರು ಸಾವಿರ ಅಡಿ ದಾಟಿದ ಕಥೆ ಇಲ್ಲಿ ಯಾರಿಗೂ ಹೊಸದಲ್ಲ. ಕೆ.ಸಿ. ವ್ಯಾಲಿಯಿಂದ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಬೆಂಗಳೂರಿನ ಸಂಸ್ಕರಿಸಿದ ನೀರು 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದಾಗ ಎಷ್ಟು ಭಾಷಣ, ಎಷ್ಟು ಜಗಳ ಕೇಳಿದೆವು! ವೇದಿಕೆ ಮೇಲೆ ಇದ್ದವರು ಬಹುಪಾಲು ಗಂಡಸರೇ. ನಲ್ಲಿ ಯಾವ ದಿನ ಬಿಡ್ತಾರೆ, ಟ್ಯಾಂಕರಿನವನ ನಂಬರ್ ಯಾವುದು, ಸಂಪಿನಲ್ಲಿ ಉಳಿದ ನೀರು ಎಷ್ಟು ದಿನಕ್ಕೆ ಬರುತ್ತೆ, ಇದೆಲ್ಲ ಇರೋದು ನಮ್ಮ ಬೀದಿಯ ಹೆಂಗಸರ ತಲೆಯಲ್ಲಿ. ಬೋರಿನ ಮುಂದೆ ಬಿಂದಿಗೆ ಸಾಲಾಗಿ ಇಟ್ಟು ಕಾದ ನಮ್ಮಮ್ಮನಿಗೆ ನೀರಿನ ವಿಷಯ ಇಂಜಿನಿಯರಿಗಿಂತ ಕಮ್ಮಿ ಗೊತ್ತಿತ್ತು ಅಂದರೆ ನಾನು ಒಪ್ಪಲ್ಲ. ಆದರೂ ಕಬ್ಬಿಣದ್ದೊಂದು ಯಂತ್ರ ನಡುವೆ ಬಂದ ಕೂಡಲೇ ಮಾತು ಸಾರ್ ಕಡೆ ತಿರುಗಿಬಿಡುತ್ತೆ. ನನಗೆ ಇದು ನೋಯುತ್ತೆ.

ತಾತ ಹೋಗುವಾಗ ಫುಟ್ ವಾಲ್ವ್ ವಿಷಯವನ್ನೂ ಹೇಳಿಕೊಟ್ಟರು. ಮೋಟಾರು ತಿರುಗ್ತಾ ಇದ್ದು ನೀರು ಮೇಲೇರದೆ, ಪ್ರತಿ ಸಲ ಪಂಪಿನ ಬಾಯಿಗೆ ನೀರು ಸುರಿದು ಏರ್ ತೆಗೀಬೇಕು ಅಂತಾದರೆ, ಪೈಪಿನ ತಳದ ವಾಲ್ವು ನೀರು ಹಿಡಿದು ನಿಲ್ಲಿಸ್ತಾ ಇಲ್ಲ ಅಂತ ಅರ್ಥವಂತೆ; ರಬ್ಬರ್ ಸವೆದಿರುತ್ತೆ, ಇಲ್ಲ ಕಸ ಸಿಕ್ಕಿರುತ್ತೆ. ಪಕ್ಕದ ಮನೆ ಅಕ್ಕನಿಗೆ ಹೇಳಿದೆ. "ಅಯ್ಯೋ, ನಮ್ಮದೂ ಹಂಗೇ ಮಾಡ್ತಿದೆ ಕಣೇ" ಅಂದರು. ಭಾನುವಾರ ಅವರ ಸಂಪು ತೊಳೀತೀವಿ. ಪೈಪು ಮೇಲೆತ್ತಿ ಇಬ್ಬರೂ ಸೇರಿ ನೋಡೋದು ಅಂತ ಮಾತಾಗಿದೆ.